ಮನೋವಿಜ್ಞಾನ ಓದಬೇಕೇ? ಎಸ್.ಎಸ್.ಎಲ್.ಸಿ. ನಂತರ ಯಾವ ವಿಷಯ ಆರಿಸಿಕೊಳ್ಳಬೇಕು?

ಧುಪದಾಳದಿಂದ ತಂದೆಯೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ: "ನನ್ನ ಮಗಳು ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಾಳೆ. ಮನಸ್ಸಿನ ಕಾಯಿಲೆ ಇರುವವರಿಗೆ ಚಿಕಿತ್ಸೆ ಕೊಡುವ ಓದು ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವಳ ಕಾಕಾ ಸೈನ್ಸೇ ಕೊಡಿಸಬೇಕು ಎನ್ನುತ್ತಾರೆ. ಶಾಲೆಯ ಮಾಸ್ತರರು ಅದಕ್ಕೆ ಆರ್ಟ್ಸ್ ಸಾಕು ಎನ್ನುತ್ತಾರೆ. ನಮ್ಮ ಮನೆಯವರು, ಹುಚ್ಚರ ನಡುವೆ ಕೆಲಸ ಮಾಡುವ ಹುಡುಗಿಯನ್ನು ನೋಡಲು ಯಾರು ಬರುತ್ತಾರೆ ಎಂದು ಕಣ್ಣೀರು ಹಾಕುತ್ತಾರೆ. ಪಿ.ಯು.ಸಿ.ಗೆ ಯಾವ ವಿಷಯ ಕೊಡಿಸಬೇಕು, ದಯವಿಟ್ಟು ತಿಳಿಸಿ."

ಇಂಥ ಪ್ರಶ್ನೆ ಒಂದೇ ಮನೆಯದಲ್ಲ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಕಾಲೇಜಿನ ಅರ್ಜಿ ತುಂಬುವ ಎರಡು ಮೂರು ವಾರಗಳಲ್ಲಿ ಮನೆಮನೆಯಲ್ಲೂ ಇಂಥ ಚರ್ಚೆ ನಡೆಯುತ್ತದೆ. ಆ ಅವಸರದಲ್ಲಿ ತೆಗೆದುಕೊಂಡ ತೀರ್ಮಾನ ಮುಂದಿನ ಒಂಬತ್ತು ಹತ್ತು ವರ್ಷಗಳ ದಾರಿಯನ್ನು ನಿರ್ಧರಿಸುತ್ತದೆ. ಆದ್ದರಿಂದ ಈ ವಾರ ಕಾಯಿಲೆಯ ಬದಲು, ಕಾಯಿಲೆಯವರಿಗೆ ನೆರವಾಗಲು ಹೊರಟ ಮಕ್ಕಳ ಓದಿನ ಬಗ್ಗೆ ತಿಳಿದುಕೊಳ್ಳೋಣ.

ಇಂಥವರ ಅಗತ್ಯ ಎಷ್ಟಿದೆ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ವಯಸ್ಕರಲ್ಲಿ ಸುಮಾರು ಶೇಕಡಾ 10.6ರಷ್ಟು ಮಂದಿಗೆ ಯಾವುದಾದರೂ ಒಂದು ಮಾನಸಿಕ ತೊಂದರೆ ಇರುವುದು ಅದರಿಂದ ಕಂಡುಬಂದಿತು. ಅಂದರೆ ನೂರು ದೊಡ್ಡವರಿರುವ ಓಣಿಯಲ್ಲಿ ಹತ್ತು ಮಂದಿ. ಇವರಲ್ಲಿ ಹೆಚ್ಚಿನವರು ಬೀದಿಯಲ್ಲಿ ತಿರುಗುವವರಲ್ಲ. ಖಿನ್ನತೆ, ಆತಂಕ, ಕುಡಿತದ ಚಟಗಳಿಂದ ಒಳಗೊಳಗೇ ಬಳಲುತ್ತ ಹೊಲ, ಗಿರಣಿ, ಅಡುಗೆಮನೆಗಳಲ್ಲಿ ದುಡಿಯುತ್ತಿರುವವರು. ಕಾಯಿಲೆಗೆ ಅನುಗುಣವಾಗಿ ಇವರಲ್ಲಿ ಶೇಕಡಾ 70ರಿಂದ 90ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ ಎಂದೂ ಅದೇ ಸಮೀಕ್ಷೆ ತಿಳಿಸಿತು.

ಚಿಕಿತ್ಸೆ ಸಿಗದಿರಲು ನಾಚಿಕೆ ಒಂದು ಕಾರಣವಾದರೆ, ಚಿಕಿತ್ಸೆ ಕೊಡುವವರ ಕೊರತೆ ಇನ್ನೊಂದು ಕಾರಣ. ಇರುವ ತಜ್ಞರಲ್ಲಿ ಹೆಚ್ಚಿನವರು ದೊಡ್ಡ ಊರುಗಳಲ್ಲಿದ್ದಾರೆ. ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯ ಹಳ್ಳಿಗಳಿಂದ ಒಂದು ಹುಡುಗಿಯೋ ಹುಡುಗನೋ ಈ ಓದಿಗೆ ಹೊರಟರೆ ಅದು ಆ ಮನೆಗೆ ಮಾತ್ರವಲ್ಲ, ಆ ಸೀಮೆಗೇ ಆಗುವ ಲಾಭ.

ಮೊದಲು ಗುರಿ, ಆಮೇಲೆ ವಿಷಯ

ತಂದೆತಾಯಿಗಳು ಸಾಮಾನ್ಯವಾಗಿ "ಸೈನ್ಸೋ ಆರ್ಟ್ಸೋ" ಎಂಬಲ್ಲಿಂದ ಚರ್ಚೆ ಆರಂಭಿಸುತ್ತಾರೆ. ಅದು ಕೊನೆಯ ಪ್ರಶ್ನೆಯಾಗಬೇಕು. ಮೊದಲ ಪ್ರಶ್ನೆ, ಮಗು ಕೊನೆಗೆ ಯಾವ ಕೆಲಸ ಮಾಡಬಯಸುತ್ತದೆ ಎಂಬುದು. ಮನಸ್ಸಿಗೆ ಸಂಬಂಧಿಸಿದ ಕೆಲಸಗಳಲ್ಲಿ ಹಲವು ಬಗೆಗಳಿವೆ. ಜನ ಎಲ್ಲವನ್ನೂ ಒಂದೇ ಎಂದುಕೊಳ್ಳುತ್ತಾರೆ.

ಮನೋವೈದ್ಯರು: ಇವರು ಮೊದಲು ಎಂ.ಬಿ.ಬಿ.ಎಸ್. ಓದಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಿದ ಡಾಕ್ಟರರು. ಔಷಧಿ ಬರೆದುಕೊಡುತ್ತಾರೆ. ಪಿ.ಯು.ಸಿ. ಎರಡು ವರ್ಷ, ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. ಮೂರು ವರ್ಷ, ಒಟ್ಟು ಹತ್ತೂವರೆ ವರ್ಷ. ನೀಟ್ ಪರೀಕ್ಷೆ ಬರೆಯಲೇಬೇಕು. ಇದಕ್ಕೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು.

ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಚಿಕಿತ್ಸಾ ಮನೋವಿಜ್ಞಾನಿ: ಇವರು ಮಾತ್ರೆ, ಇಂಜೆಕ್ಷನ್ ಕೊಡುವುದಿಲ್ಲ. ಬುದ್ಧಿಶಕ್ತಿ, ನೆನಪು, ವ್ಯಕ್ತಿತ್ವಗಳ ಪರೀಕ್ಷೆ ಮಾಡುತ್ತಾರೆ. ಮಾತುಕತೆ ಹಾಗೂ ವರ್ತನೆಯನ್ನು ತಿದ್ದುವ ವಿಧಾನಗಳ ಮೂಲಕ ಚಿಕಿತ್ಸೆ ನೀಡುತ್ತಾರೆ. ಪಿ.ಯು.ಸಿ. ಎರಡು, ಪದವಿ ಮೂರು, ಎಂ.ಎ. ಅಥವಾ ಎಂ.ಎಸ್ಸಿ. ಎರಡು, ಆನಂತರ ಆಸ್ಪತ್ರೆಯಲ್ಲಿ ಎರಡು ವರ್ಷದ ವಿಶೇಷ ತರಬೇತಿ. ಒಟ್ಟು ಒಂಬತ್ತು ವರ್ಷ.

ಆಪ್ತಸಲಹೆಗಾರರು: ಶಾಲೆ, ಕಾಲೇಜು, ಆಸ್ಪತ್ರೆ, ಕುಟುಂಬ ಸಲಹಾ ಕೇಂದ್ರಗಳಲ್ಲಿ ಕೆಲಸ ಮಾಡುತ್ತಾರೆ. ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಅದರ ಜೊತೆಗೆ ಆಪ್ತಸಲಹೆಯ ತರಬೇತಿ ಇದ್ದರೆ ಒಳ್ಳೆಯದು.

ಮನೋವೈದ್ಯಕೀಯ ಸಮಾಜಕಾರ್ಯಕರ್ತರು: ಎಂ.ಎಸ್.ಡಬ್ಲ್ಯೂ. ಓದಿದವರು. ರೋಗಿಯ ಮನೆ, ನೌಕರಿ, ಸರ್ಕಾರದ ಸವಲತ್ತು ಇವೆಲ್ಲವನ್ನೂ ನೋಡಿಕೊಳ್ಳುವವರು.

ಮನೋವೈದ್ಯಕೀಯ ಶುಶ್ರೂಷಕರು: ನರ್ಸಿಂಗ್ ಓದಿ ಮಾನಸಿಕ ಆರೋಗ್ಯದಲ್ಲಿ ವಿಶೇಷ ತರಬೇತಿ ಪಡೆದವರು. ಬೇಗ ಸಂಪಾದನೆ ಆರಂಭಿಸಬೇಕಾದ ಮನೆಯ ಮಕ್ಕಳಿಗೆ ಇದು ಉತ್ತಮ ದಾರಿ.

ಮಗಳನ್ನು ಕೂಡಿಸಿಕೊಂಡು ಇವುಗಳಲ್ಲಿ ಯಾವುದು ಎಂದು ಕೇಳಿ. ಹದಿನಾರರ ವಯಸ್ಸಿನಲ್ಲಿ ಖಚಿತ ಉತ್ತರ ಬರದಿದ್ದರೂ ಚಿಂತೆಯಿಲ್ಲ. "ಔಷಧಿ ಕೊಡುವ ಡಾಕ್ಟರಳೇ ಆಗಬೇಕು" ಎಂದರೆ ದಾರಿ ಒಂದೇ, ಅದು ವಿಜ್ಞಾನ. ಉಳಿದವುಗಳಿಗೆ ವಿಜ್ಞಾನ, ಕಲೆ, ವಾಣಿಜ್ಯ ಮೂರರಿಂದಲೂ ದಾರಿಯಿದೆ. ಕಾಕಾ ಹೇಳುವುದು, ಮಾಸ್ತರರು ಹೇಳುವುದು ಎರಡೂ ಅರ್ಧರ್ಧ ಸರಿ.

ಪಿ.ಯು.ಸಿ.ಯಲ್ಲಿ ಮನೋವಿಜ್ಞಾನ ಇರಲೇಬೇಕೇ?

ಇರಲೇಬೇಕೆಂದಿಲ್ಲ. ಕರ್ನಾಟಕದ ಪಿ.ಯು.ಸಿ.ಯಲ್ಲಿ ಮನೋವಿಜ್ಞಾನ ಒಂದು ಐಚ್ಛಿಕ ವಿಷಯ. ಗ್ರಹಿಕೆ, ಕಲಿಕೆ, ನೆನಪು, ಬುದ್ಧಿಶಕ್ತಿ, ವ್ಯಕ್ತಿತ್ವ, ಒತ್ತಡ ಮುಂತಾದ ಪಾಠಗಳಿರುತ್ತವೆ. ಇದರಲ್ಲಿ ಪ್ರಾಯೋಗಿಕ ಭಾಗವೂ ಇದೆ. ಸಮ ಉದ್ದದ ಎರಡು ಗೆರೆಗಳ ತುದಿಗೆ ಒಂದಕ್ಕೆ ಒಳಮುಖವಾಗಿಯೂ ಇನ್ನೊಂದಕ್ಕೆ ಹೊರಮುಖವಾಗಿಯೂ ಬಾಣದ ಗುರುತು ಹಾಕಿದರೆ ಕಣ್ಣಿಗೆ ಒಂದು ಉದ್ದ, ಇನ್ನೊಂದು ಗಿಡ್ಡ ಎಂದು ಕಾಣುತ್ತದೆ. ಅಳತೆಪಟ್ಟಿ ಇಟ್ಟು ನೋಡಿದ ಮೇಲೂ ಹಾಗೆಯೇ ಕಾಣುತ್ತದೆ! ಮ್ಯುಲ್ಲರ್-ಲಾಯರ್ ಭ್ರಮೆ ಎಂಬ ಹೆಸರಿನ ಇಂಥ ಸರಳ ಪ್ರಯೋಗಗಳಿಂದ ಮಕ್ಕಳಿಗೆ ವಿಷಯದ ರುಚಿ ಹತ್ತುತ್ತದೆ. ತನಗೆ ಈ ಓದು ಒಗ್ಗುತ್ತದೆಯೋ ಇಲ್ಲವೋ ಎಂಬುದು ಎರಡು ವರ್ಷ ಮೊದಲೇ ತಿಳಿಯುತ್ತದೆ. ಅದೇ ಇದರ ದೊಡ್ಡ ಪ್ರಯೋಜನ.

ಆದರೆ ಎಲ್ಲ ಪಿ.ಯು. ಕಾಲೇಜುಗಳಲ್ಲೂ ಮನೋವಿಜ್ಞಾನ ಇರುವುದಿಲ್ಲ. ಅರ್ಜಿ ತುಂಬುವ ಮೊದಲು ಘಟಪ್ರಭಾ, ಗೋಕಾಕ, ಸಂಕೇಶ್ವರ, ಬೆಳಗಾವಿಯ ಕಾಲೇಜುಗಳಲ್ಲಿ ಖುದ್ದಾಗಿ ವಿಚಾರಿಸಿ. ಹತ್ತಿರದಲ್ಲಿ ಸಿಗಲಿಲ್ಲವೆಂದು ಹದಿನಾರರ ಹುಡುಗಿಯನ್ನು ದೂರದ ಊರಿನಲ್ಲಿ ಇಡಬೇಕಾಗಿಲ್ಲ. ಪದವಿಯ ಮೊದಲ ವರ್ಷದಲ್ಲಿ ಮನೋವಿಜ್ಞಾನವನ್ನು ಮೊದಲಕ್ಷರದಿಂದಲೇ ಕಲಿಸುತ್ತಾರೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಕೂಡ ಸಾಮಾನ್ಯವಾಗಿ ಶಾಲೆಯಲ್ಲಿ ಮನೋವಿಜ್ಞಾನ ಓದಿರಲೇಬೇಕೆಂದು ಕೇಳುವುದಿಲ್ಲ; ಒಂದಾದರೂ ವಿಜ್ಞಾನ ವಿಷಯ ಓದಿದ್ದರೆ ಹಲವು ಕಡೆ ಮೆಚ್ಚುತ್ತಾರೆ. ಈ ಶಾಸ್ತ್ರಕ್ಕೆ ನಿಜವಾಗಿ ಬೇಕಾದ ತಳಪಾಯ ಬೇರೆ ವಿಷಯಗಳಲ್ಲಿದೆ. ಅವುಗಳನ್ನು ಒಂದೊಂದಾಗಿ ನೋಡೋಣ.

1. ಜೀವಶಾಸ್ತ್ರ

ಮನಸ್ಸು ಗಾಳಿಯಲ್ಲಿ ತೇಲುವ ವಸ್ತುವಲ್ಲ. ಅದು ಮಿದುಳಿನ ಕೆಲಸ. ನರಕೋಶಗಳು, ಹಾರ್ಮೋನುಗಳು, ಅನುವಂಶೀಯತೆ ಇವುಗಳ ಪರಿಚಯವಿಲ್ಲದೆ ಮನೋವಿಜ್ಞಾನ ಮುಂದೆ ಸಾಗದು.

ಒಂದು ಉದಾಹರಣೆ ನೋಡಿ. ಮೂವತ್ತೈದರ ಗೃಹಿಣಿಯೊಬ್ಬಳಿಗೆ ಸದಾ ಆಲಸ್ಯ, ಬೇಸರ, ಮರೆವು, ಯಾರೊಂದಿಗೂ ಮಾತು ಬೇಡ. ಮನೆಯವರು ಮೈಗಳ್ಳತನ ಎನ್ನುತ್ತಾರೆ. ಜೀವಶಾಸ್ತ್ರ ತಿಳಿಯದ ಸಲಹೆಗಾರ "ಧೈರ್ಯವಾಗಿರಿ, ಒಳ್ಳೆಯದನ್ನು ಯೋಚಿಸಿ" ಎಂದು ತಿಂಗಳುಗಟ್ಟಲೆ ಹೇಳಿ ಕಳಿಸಬಹುದು. ಗೊತ್ತಿದ್ದವನು ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಲು ಡಾಕ್ಟರರ ಬಳಿ ಕಳಿಸುತ್ತಾನೆ. ಥೈರಾಯ್ಡ್ ರಸ ಕಡಿಮೆಯಾದಾಗಲೂ, ಬಿ-12 ಜೀವಸತ್ವದ ಕೊರತೆಯಾದಾಗಲೂ ಇದೇ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಅದೇ ರೀತಿ ಮೂರ್ಛೆರೋಗದ ಕೆಲವು ಬಗೆಗಳನ್ನು ಜನ ಮೈಮೇಲೆ ದೇವರು ಬರುವುದು, ಗಾಳಿ ಸೋಕುವುದು ಎಂದು ತಿಳಿದು ವರ್ಷಗಟ್ಟಲೆ ಚಿಕಿತ್ಸೆ ತಪ್ಪಿಸುತ್ತಾರೆ.

ವಿಜ್ಞಾನ ತೆಗೆದುಕೊಳ್ಳುವ ಮಕ್ಕಳು ಜೀವಶಾಸ್ತ್ರವಿರುವ ಸಂಯೋಜನೆಯನ್ನೇ ಆರಿಸಲಿ. ಕಲಾ ವಿಭಾಗಕ್ಕೆ ಹೋಗುವವರು ಎಸ್.ಎಸ್.ಎಲ್.ಸಿ. ವಿಜ್ಞಾನ ಪುಸ್ತಕದ ನಿಯಂತ್ರಣ ಮತ್ತು ಸಹಭಾಗಿತ್ವ, ಅನುವಂಶೀಯತೆಯ ಪಾಠಗಳನ್ನು ಮಾರಬೇಡಿ, ಇಟ್ಟುಕೊಳ್ಳಿ. ಪದವಿಯಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ.

2. ಗಣಿತ ಮತ್ತು ಸಂಖ್ಯಾಶಾಸ್ತ್ರ

"ಗಣಿತ ತಪ್ಪಿಸಿಕೊಳ್ಳಲು ಸೈಕಾಲಜಿ ತೆಗೆದುಕೊಳ್ಳುತ್ತೇನೆ" ಎನ್ನುವ ಮಕ್ಕಳಿದ್ದಾರೆ. ಅವರಿಗೆ ಎಂ.ಎ. ತರಗತಿಯಲ್ಲಿ ಅಚ್ಚರಿ ಕಾದಿರುತ್ತದೆ. ಸಂಶೋಧನಾ ವಿಧಾನ ಹಾಗೂ ಸಂಖ್ಯಾಶಾಸ್ತ್ರ ಅಲ್ಲಿ ಕಡ್ಡಾಯ.

ಕರ್ನಾಟಕದಲ್ಲಿ ಈ ಶಾಸ್ತ್ರ ಬೇರೂರಿದ್ದೇ ಸಂಖ್ಯೆಗಳ ಜೊತೆಗೆ. ಭಾರತದ ಮೊದಲ ಮನೋವಿಜ್ಞಾನ ವಿಭಾಗ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ವಿಭಾಗವನ್ನು ಕಟ್ಟಿದರು. ಮುಂದೆ 1935ರಲ್ಲಿ ಮೈಸೂರಿನಲ್ಲಿ "ಆಕಾಶವಾಣಿ" ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಇವರೇ. ಲಂಡನ್ನಿನಲ್ಲಿ ಇವರ ಗುರು ಚಾರ್ಲ್ಸ್ ಸ್ಪಿಯರ್‌ಮನ್. ಬುದ್ಧಿಶಕ್ತಿಯನ್ನು ಲೆಕ್ಕಾಚಾರದ ಮೂಲಕ ವಿಶ್ಲೇಷಿಸುವ ವಿಧಾನವನ್ನು ರೂಪಿಸಿದವರು ಅವರು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಬಿನೆ-ಕಾಮತ್ ಬುದ್ಧಿಶಕ್ತಿ ಪರೀಕ್ಷೆ. ಫ್ರಾನ್ಸಿನ ಬಿನೆ ಅವರ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಎರಡೂ ಭಾಷೆಗಳು ಕೂಡಿ ಬಾಳುವ ನಮ್ಮ ಭಾಗಕ್ಕೆ ಹೇಳಿ ಮಾಡಿಸಿದಂಥ ಕೆಲಸ. ಆ ಪರೀಕ್ಷೆ ಮುಂದೆ ದಶಕಗಳ ಕಾಲ ದೇಶದ ನಾನಾ ಕಡೆ ಬಳಕೆಯಾಯಿತು.

ಇಲ್ಲಿ ಲೆಕ್ಕ ಏಕೆ ಬೇಕು? ಹೆಚ್ಚಿನ ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಸರಾಸರಿಯನ್ನು 100 ಎಂದೂ, ಅಂಕಗಳ ಹರಡುವಿಕೆಯ ಅಳತೆಯನ್ನು, ಅಂದರೆ ಮಾನಕ ವಿಚಲನೆಯನ್ನು 15 ಎಂದೂ ಇಟ್ಟಿರುತ್ತಾರೆ. ಆಗ ನೂರು ಮಕ್ಕಳಲ್ಲಿ ಸುಮಾರು 68 ಮಕ್ಕಳು 85ರಿಂದ 115ರ ನಡುವೆ ಬರುತ್ತಾರೆ. 70ಕ್ಕಿಂತ ಕೆಳಗೆ ಬರುವವರು ನೂರಕ್ಕೆ ಇಬ್ಬರು ಮಾತ್ರ. ಈ ಲೆಕ್ಕ ಗೊತ್ತಿಲ್ಲದ ಶಿಕ್ಷಕರೊಬ್ಬರು 92 ಅಂಕ ಬಂದ ಹುಡುಗನನ್ನು "ನೂರೂ ಬಂದಿಲ್ಲ, ದಡ್ಡ" ಎಂದು ಕರೆದರೆ ಆ ಮಗುವಿನ ಬಾಳು ಹಾಳು. ಗೊತ್ತಿರುವವರು "ಈತ ಸಾಮಾನ್ಯರಲ್ಲೊಬ್ಬ, ಓದಿನಲ್ಲಿ ಹಿಂದಿರಲು ಬೇರೆ ಕಾರಣವಿರಬೇಕು, ಕಣ್ಣು, ಕಿವಿ, ಮನೆಯ ಪರಿಸ್ಥಿತಿ ನೋಡೋಣ" ಎನ್ನುತ್ತಾರೆ. ಒಂದು ಅಂಕಿಯನ್ನು ಸರಿಯಾಗಿ ಓದುವುದಕ್ಕೂ ತಪ್ಪಾಗಿ ಓದುವುದಕ್ಕೂ ಇಷ್ಟು ಅಂತರವಿದೆ.

ಹೆದರಬೇಕಾಗಿಲ್ಲ. ಕಠಿಣ ಗಣಿತ ಬೇಕಿಲ್ಲ. ಹತ್ತನೆಯ ತರಗತಿಯ ಸರಾಸರಿ, ಮಧ್ಯಾಂಕ, ಬಹುಲಕ, ಸಂಭವನೀಯತೆ ಚೆನ್ನಾಗಿ ಬಂದರೆ ಮುಂದಿನದನ್ನು ಕಲಿಯಬಹುದು. ಪಿ.ಯು.ಸಿ.ಯಲ್ಲಿ ಸಂಖ್ಯಾಶಾಸ್ತ್ರ ಸಿಕ್ಕರೆ ತೆಗೆದುಕೊಳ್ಳುವುದು ಜಾಣತನ. ಸಿಗದಿದ್ದರೆ ಅರ್ಥಶಾಸ್ತ್ರದಲ್ಲಿ ಬರುವ ಸಂಖ್ಯಾಶಾಸ್ತ್ರದ ಪಾಠಗಳನ್ನಾದರೂ ಬಿಡದೆ ಕಲಿಯಲಿ.

3. ಭಾಷೆ

ಮನೋವಿಜ್ಞಾನಿಗೆ ಸ್ಟೆತಸ್ಕೋಪು ಇಲ್ಲ. ಕಿವಿ ಮತ್ತು ಮಾತು, ಎರಡೇ ಸಾಧನ. ನಮ್ಮ ಭಾಗದ ಜನ "ನನಗೆ ಖಿನ್ನತೆಯಾಗಿದೆ" ಎಂದು ಹೇಳಿಕೊಂಡು ಬರುವುದಿಲ್ಲ. "ಎದಿ ಭಾರ ಆಗೇತ್ರಿ", "ತಲಿ ಜಡ ಐತಿ", "ಜೀವಕ್ಕ ಸಮಾಧಾನ ಇಲ್ಲ", "ಕೈಕಾಲಾಗ ಶಕ್ತಿನೇ ಇಲ್ರಿ", "ಹೊಟ್ಟ್ಯಾಗ ಸಂಕಟ" ಎನ್ನುತ್ತಾರೆ. ಈ ಮಾತುಗಳ ಹಿಂದೆ ಏನಿದೆ ಎಂಬುದು ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಬೆಳೆದ ತಜ್ಞನಿಗಿಂತ ಧುಪದಾಳದ ಹುಡುಗಿಗೆ ಬೇಗ ತಿಳಿಯುತ್ತದೆ. ಇದು ಅವಳ ಕೊರತೆಯಲ್ಲ, ಆಸ್ತಿ. ಮನೆಯ ಸುತ್ತ ಮರಾಠಿ, ಉರ್ದು ಕಿವಿಗೆ ಬೀಳುತ್ತಿದ್ದರೆ ಅವನ್ನೂ ಬಿಡದೆ ಕಲಿಯಲಿ.

ಕನ್ನಡವನ್ನು ಐಚ್ಛಿಕವಾಗಿ ಓದುವುದು ವ್ಯರ್ಥವಲ್ಲ. ಕಥೆ ಕಾದಂಬರಿಗಳು ಬೇರೆಯವರ ಮನಸ್ಸಿನೊಳಗೆ ಇಣುಕಲು ಕಲಿಸುತ್ತವೆ. ಕೊರವಂಜಿ ಪತ್ರಿಕೆಯ ಸಂಪಾದಕರಾಗಿ, ರಾ.ಶಿ. ಎಂಬ ಹೆಸರಿನಿಂದ ನಗಿಸಿದ ಡಾ. ಎಂ. ಶಿವರಾಂ ಅವರ "ಮನಮಂಥನ" ಎಂಬ ಮನಸ್ಸಿನ ಕುರಿತ ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರಿಗಾಗಿ ಕನ್ನಡದಲ್ಲಿ ಬರೆದ ಪುಸ್ತಕಗಳು ನೂರಾರು. ಗ್ರಂಥಾಲಯದಿಂದ ಇವನ್ನು ತಂದು ಓದಿದರೆ ಮಗುವಿಗೂ ವಿಷಯದ ಪರಿಚಯ, ಮನೆಯವರಿಗೂ ಭಯದ ಪರಿಹಾರ.

ಇಂಗ್ಲಿಷನ್ನೂ ಅಲಕ್ಷಿಸುವಂತಿಲ್ಲ. ಸ್ನಾತಕೋತ್ತರ ಹಂತದ ಪುಸ್ತಕಗಳು, ಪ್ರವೇಶ ಪರೀಕ್ಷೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಪಿ.ಯು.ಸಿ.ಯಿಂದಲೇ ದಿನಕ್ಕೊಂದು ಪುಟ ಇಂಗ್ಲಿಷ್ ಓದಿ, ಅದರ ಸಾರವನ್ನು ಕನ್ನಡದಲ್ಲಿ ಬರೆಯುವ ರೂಢಿ ಮಾಡಿಕೊಳ್ಳಲಿ. ಐದು ವರ್ಷದಲ್ಲಿ ಎರಡೂ ಭಾಷೆ ಹದವಾಗುತ್ತವೆ.

4. ಸಮಾಜಶಾಸ್ತ್ರ, ಅರ್ಥಶಾಸ್ತ್ರ

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೂ ನದಿ ದಂಡೆಯ ಹಳ್ಳಿಗಳಿಗೂ ನೀರು ನುಗ್ಗಿದ್ದನ್ನು ಈ ಭಾಗದ ಓದುಗರು ಮರೆತಿರಲಾರರು. ಇಂಥ ದುರಂತದ ನಂತರ ಕೆಲವರಿಗೆ ಮಳೆಯ ಸದ್ದು ಕೇಳಿದರೆ ಎದೆ ಹಾರುತ್ತದೆ, ನಿದ್ದೆ ಬರುವುದಿಲ್ಲ, ಮಕ್ಕಳು ಹಾಸಿಗೆ ಒದ್ದೆ ಮಾಡತೊಡಗುತ್ತಾರೆ. ಇಲ್ಲಿ ಕಾಯಿಲೆ ಮನಸ್ಸಿನದೇ ಆದರೂ ಅದರ ಬೇರು ಬಿದ್ದ ಮನೆಯಲ್ಲಿ, ಕೊಚ್ಚಿಹೋದ ಬೆಳೆಯಲ್ಲಿ, ತೀರದ ಸಾಲದಲ್ಲಿ ಇರುತ್ತದೆ. ಕಬ್ಬಿನ ಬಿಲ್ಲು ತಡವಾದರೆ ಮನೆಯಲ್ಲಿ ಏನಾಗುತ್ತದೆ, ಕೂಡುಕುಟುಂಬದಲ್ಲಿ ಹೊಸ ಸೊಸೆಗೆ ಯಾರೊಡನೆ ಮಾತನಾಡಲು ಆಸ್ಪದವಿದೆ, ಗಂಡಸು ಕುಡಿದು ಬಂದರೆ ಹೆಂಗಸು ಯಾರಿಗೆ ಹೇಳಿಕೊಳ್ಳುತ್ತಾಳೆ. ಇದನ್ನು ತಿಳಿಯದವರು ಕೊಡುವ ಸಲಹೆ ಪುಸ್ತಕದಲ್ಲಿಯೇ ಉಳಿಯುತ್ತದೆ. ಕಲಾ ವಿಭಾಗ ಕೈಲಾಗದವರ ಪಾಲು ಎಂಬ ಮಾತನ್ನು ಇನ್ನಾದರೂ ಬಿಡಬೇಕು.

5. ತರ್ಕಶಾಸ್ತ್ರ, ಶಿಕ್ಷಣಶಾಸ್ತ್ರ

ಇವು ಇದ್ದರೆ ಅನುಕೂಲ, ಇಲ್ಲದಿದ್ದರೆ ನಷ್ಟವಿಲ್ಲ. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂಬ ಪಾಠ ತರ್ಕಶಾಸ್ತ್ರದಿಂದ ಸಿಗುತ್ತದೆ. ತಾಯತ ಕಟ್ಟಿದ ವಾರ ಜ್ವರ ಬಿಟ್ಟರೆ, ಜ್ವರ ಬಿಡಿಸಿದ್ದು ತಾಯತವೋ ಅಥವಾ ವಾರ ಕಳೆದದ್ದೋ? ಹೀಗೆ ಪ್ರಶ್ನಿಸುವ ಸ್ವಭಾವವೇ ವಿಜ್ಞಾನದ ಮೊದಲ ಮೆಟ್ಟಿಲು.

ಹಾಗಾದರೆ ಆಯ್ಕೆ ಹೇಗೆ?

ವಿಜ್ಞಾನ, ಗಣಿತದಲ್ಲಿ ನಿಜವಾದ ಆಸಕ್ತಿಯಿದ್ದು, ಡಾಕ್ಟರಿಕೆಯ ಆಸೆಯೂ ಇದ್ದರೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ನೀಟ್‌ನಲ್ಲಿ ಸೀಟು ಸಿಗದಿದ್ದರೂ ಮನೋವಿಜ್ಞಾನದ ಪದವಿಗೆ, ನರ್ಸಿಂಗ್‌ಗೆ ದಾರಿ ತೆರೆದಿರುತ್ತದೆ.

ಡಾಕ್ಟರಿಕೆ ಬೇಡ, ಜನರೊಡನೆ ಕೆಲಸ ಮಾಡಬೇಕು ಎಂದಾದರೆ: ಕಲಾ ವಿಭಾಗದಲ್ಲಿ ಮನೋವಿಜ್ಞಾನ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಅದರ ಜೊತೆಗೆ ಐಚ್ಛಿಕ ಕನ್ನಡ, ಶಿಕ್ಷಣಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರ. ಕಾಲೇಜಿನಲ್ಲಿ ಯಾವ ಸಂಯೋಜನೆ ಇದೆಯೋ ಅದರಲ್ಲಿ ಇದಕ್ಕೆ ಹತ್ತಿರವಾದುದು.

ವಿಜ್ಞಾನದಲ್ಲಿ ಹಿಂದಿರುವ ಮಗುವನ್ನು "ಎಲ್ಲ ಬಾಗಿಲೂ ತೆರೆದಿರಲಿ" ಎಂದು ಬಲವಂತವಾಗಿ ವಿಜ್ಞಾನಕ್ಕೆ ಹಾಕಬೇಡಿ. ಎರಡು ವರ್ಷ ಅರ್ಥವಾಗದ ಪಾಠ ಕೇಳಿ, ನಪಾಸಾಗಿ, ಆತ್ಮವಿಶ್ವಾಸ ಕಳೆದುಕೊಂಡ ಮಗುವಿಗೆ ಯಾವ ಬಾಗಿಲೂ ತೆರೆದಿರುವುದಿಲ್ಲ.

ಪದವಿಯಲ್ಲಿ ಬಿ.ಎ. ಮತ್ತು ಬಿ.ಎಸ್ಸಿ. ಎರಡರಲ್ಲೂ ಮನೋವಿಜ್ಞಾನ ಇರುವ ಕಾಲೇಜುಗಳು ರಾಜ್ಯದಲ್ಲಿವೆ. ಬಿ.ಎಸ್ಸಿ.ಗೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಕೇಳುವ ಕಾಲೇಜುಗಳೂ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳಿ. ಸ್ನಾತಕೋತ್ತರ ಓದಿಗೆ ನಮಗೆ ಹತ್ತಿರದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವಿದೆ. ಧಾರವಾಡದಲ್ಲಿಯೇ ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆ ಬೆಳೆದು ಡಿಮ್ಹಾನ್ಸ್ ಆಗಿದೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ದೇಶದ ಚಿಕಿತ್ಸಾ ಮನೋವಿಜ್ಞಾನಿಗಳಲ್ಲಿ ಬಹುಮಂದಿಗೆ ಅದು ಗುರುಮನೆ.

ಒಂದು ಮುಖ್ಯ ಎಚ್ಚರಿಕೆ

ಬಿ.ಎ. ಪದವಿ ಅಥವಾ ಮೂರು ತಿಂಗಳ ಸರ್ಟಿಫಿಕೇಟು ಪಡೆದು ಬೋರ್ಡು ಹಾಕಿಕೊಂಡು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವುದು ಸರಿಯಲ್ಲ. 1992ರ ಕಾಯಿದೆಯ ಮೂಲಕ ರೂಪುಗೊಂಡ ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆಯಿರುವ ತರಬೇತಿ ಪಡೆದು, ಅದರ ದಾಖಲೆಯಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿಯೂ ಈ ಅರ್ಹತೆಯನ್ನು ಸ್ಪಷ್ಟವಾಗಿ ಹೇಳಲಾಗಿದೆ.

ದಶಕಗಳ ಕಾಲ ಈ ತರಬೇತಿಗೆ ಎರಡು ವರ್ಷದ ಎಂ.ಫಿಲ್. ಎಂಬ ಹೆಸರಿತ್ತು. 2022ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಎಂ.ಫಿಲ್. ಪದವಿಯನ್ನೇ ನಿಲ್ಲಿಸುವ ನಿಯಮ ತಂದು, ಚಿಕಿತ್ಸಾ ಮನೋವಿಜ್ಞಾನಕ್ಕೆ 2025-26ರ ಶೈಕ್ಷಣಿಕ ವರ್ಷದವರೆಗೆ ವಿನಾಯಿತಿ ನೀಡಿತು. ಆದ್ದರಿಂದ ಈಗ ಪಿ.ಯು.ಸಿ. ಸೇರುವ ಮಕ್ಕಳ ಕಾಲಕ್ಕೆ ತರಬೇತಿಯ ಹೆಸರು, ಅವಧಿ ಎರಡೂ ಬದಲಾಗಿರಬಹುದು. ಪದವಿ ಮುಗಿಯುವ ಹೊತ್ತಿಗೆ ಮಂಡಳಿಯ ಪ್ರಕಟಣೆ ನೋಡಿಯೇ ಮುಂದುವರಿಯಿರಿ. ಹಣ ಕಟ್ಟುವ ಮೊದಲು "ಈ ಕೋರ್ಸಿಗೆ ಮಂಡಳಿಯ ಮಾನ್ಯತೆ ಇದೆಯೇ?" ಎಂಬ ಒಂದು ಪ್ರಶ್ನೆ ಕೇಳಲು ಸಂಕೋಚ ಬೇಡ.

ಮಗು ಈ ಓದನ್ನು ಏಕೆ ಬಯಸುತ್ತಿದೆ?

ಇದು ಎಲ್ಲಕ್ಕಿಂತ ಸೂಕ್ಷ್ಮ ಪ್ರಶ್ನೆ. ಕೆಲವು ಮಕ್ಕಳಿಗೆ ಮನುಷ್ಯರ ಬಗ್ಗೆ ಸಹಜ ಕುತೂಹಲ. ಕೆಲವರಿಗೆ ಮನೆಯಲ್ಲಿ ಯಾರೋ ಬಳಲಿದ್ದನ್ನು ಕಂಡ ಅನುಕಂಪ. ಇನ್ನು ಕೆಲವರು ತಮ್ಮ ಮನಸ್ಸಿನ ನೋವಿಗೇ ಉತ್ತರ ಹುಡುಕುತ್ತಿರುತ್ತಾರೆ. ಬಾಯಿಬಿಟ್ಟು ಹೇಳಲಾರದೆ "ಸೈಕಾಲಜಿ ಓದುತ್ತೇನೆ" ಎನ್ನುತ್ತಾರೆ. ಓದು ಔಷಧಿಯಲ್ಲ. ಕಾಲು ಮುರಿದವರು ಮೂಳೆಶಾಸ್ತ್ರ ಓದಲು ಹೊರಡುವುದಿಲ್ಲ, ಮೊದಲು ಕಟ್ಟು ಹಾಕಿಸಿಕೊಳ್ಳುತ್ತಾರೆ.

ಮಗು ಎರಡು ವಾರಕ್ಕೂ ಹೆಚ್ಚು ಕಾಲ ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಗೆಳತಿಯರಿಂದ ದೂರವಾಗಿದ್ದರೆ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ವಿಷಯದ ಆಯ್ಕೆಯನ್ನು ಬದಿಗಿಟ್ಟು ಮೊದಲು ಚಿಕಿತ್ಸೆ ಕೊಡಿಸಿ. ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಅಥವಾ ಬೆಳಗಾವಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪ್ರಾಣದ ಮಾತು ಬಂದಾಗ ಒಂದು ಕ್ಷಣವೂ ಮಗುವನ್ನು ಒಂಟಿಯಾಗಿ ಬಿಡಬೇಡಿ. ಹೀಗೆ ಚಿಕಿತ್ಸೆ ಪಡೆದು ಗುಣವಾದವರು ಮುಂದೆ ಮನೋವಿಜ್ಞಾನ ಓದಲು ಯಾವ ಅಡ್ಡಿಯೂ ಇಲ್ಲ.

ಓದುಗರ ಇತರ ಸಂದೇಹಗಳು

ಪ್ರಶ್ನೆ: ಹುಚ್ಚರ ನಡುವೆ ಕೆಲಸ ಮಾಡುವವರಿಗೂ ಹುಚ್ಚು ಹಿಡಿಯುತ್ತದೆಯೇ?

ಉತ್ತರ: ಇಲ್ಲ. ಮಾನಸಿಕ ಕಾಯಿಲೆ ಅಂಟುರೋಗವಲ್ಲ. "ಹುಚ್ಚರು" ಎಂಬ ಪದವನ್ನೂ ಬಿಡೋಣ. ಸಕ್ಕರೆ ಕಾಯಿಲೆಯಂತೆ, ರಕ್ತದೊತ್ತಡದಂತೆ ಅದೂ ಕಾಯಿಲೆ. ದಿನವಿಡೀ ಇತರರ ನೋವು ಕೇಳುವುದರಿಂದ ದಣಿವಾಗುವುದು ನಿಜ. ಅದನ್ನು ನಿಭಾಯಿಸುವುದನ್ನೂ ತರಬೇತಿಯಲ್ಲಿ ಕಲಿಸುತ್ತಾರೆ. ಮದುವೆಯ ಮಾತಿಗೆ ಬಂದರೆ, ಡಾಕ್ಟರು, ನರ್ಸು, ಶಿಕ್ಷಕಿಗಿರುವ ಗೌರವವೇ ಈ ವೃತ್ತಿಗೂ ಇದೆ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಮೊದಲ ವರ್ಷ ಪಾರಿಭಾಷಿಕ ಪದಗಳು ಕಷ್ಟವೆನಿಸುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಪದ, ಅದರ ಕನ್ನಡ ಅರ್ಥ, ಒಂದು ಉದಾಹರಣೆ, ಹೀಗೆ ಬರೆದಿಟ್ಟುಕೊಂಡರೆ ವರ್ಷದೊಳಗೆ ಹಿಡಿತ ಸಿಗುತ್ತದೆ.

ಪ್ರಶ್ನೆ: ಮಗ ಆಗಲೇ ಕಾಮರ್ಸ್ ಸೇರಿದ್ದಾನೆ. ಈಗ ಮನಸ್ಸು ಬದಲಾಗಿದೆ.

ಉತ್ತರ: ಒಂದು ವರ್ಷ ಕಳೆದುಕೊಂಡು ವಿಭಾಗ ಬದಲಿಸಬೇಕಾಗಿಲ್ಲ. ಪಿ.ಯು.ಸಿ. ಮುಗಿಸಿ ಮನೋವಿಜ್ಞಾನವಿರುವ ಬಿ.ಎ.ಗೆ ಸೇರಬಹುದು. ಕಾಮರ್ಸಿನಲ್ಲಿ ಕಲಿತ ಲೆಕ್ಕ, ಸಂಖ್ಯಾಶಾಸ್ತ್ರ ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಒಂಬತ್ತು ವರ್ಷ ಓದಿಸುವ ಶಕ್ತಿ ನಮಗಿಲ್ಲ.

ಉತ್ತರ: ಮಧ್ಯದಲ್ಲಿ ನಿಲ್ಲುವ ತಾಣಗಳಿವೆ. ಎಂ.ಎ. ಮುಗಿಸಿದವರು ಶಾಲೆ, ಸಂಸ್ಥೆಗಳಲ್ಲಿ ಆಪ್ತಸಲಹೆಗಾರರಾಗಿ ದುಡಿಯಬಹುದು. ಬಿ.ಎ. ಆದ ಮೇಲೆ ಬಿ.ಇಡಿ. ಅಥವಾ ವಿಶೇಷ ಮಕ್ಕಳ ಶಿಕ್ಷಣದ ಬಿ.ಇಡಿ. ಮಾಡಿ ಶಿಕ್ಷಕರಾಗಬಹುದು. ಎಂ.ಎಸ್.ಡಬ್ಲ್ಯೂ.ಗೂ ಹೋಗಬಹುದು. ಪಿ.ಯು.ಸಿ. ನಂತರ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಆದರೆ ಬೇಗ ಕೆಲಸ. ಅದಕ್ಕೆ ಮಾತ್ರ ವಿಜ್ಞಾನ ವಿಭಾಗ ಬೇಕು.

ತಂದೆತಾಯಿಗಳು ನೆನಪಿಡಬೇಕಾದದ್ದು

* ಮೊದಲು ಕೆಲಸದ ಗುರಿ, ಆಮೇಲೆ ವಿಭಾಗ.
* ಮನೋವೈದ್ಯರಾಗಲು ವಿಜ್ಞಾನ ಕಡ್ಡಾಯ. ಮನೋವಿಜ್ಞಾನಿಯಾಗಲು ಯಾವ ವಿಭಾಗವಾದರೂ ಆದೀತು.
* ಪಿ.ಯು.ಸಿ.ಯಲ್ಲಿ ಮನೋವಿಜ್ಞಾನ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಕೊರಗಬೇಡಿ.
* ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಭಾಷೆ, ಸಮಾಜಜ್ಞಾನ ಈ ನಾಲ್ಕನ್ನೂ ಹೇಗಾದರೂ ಗಳಿಸಿಕೊಳ್ಳಿ.
* ಮಾನ್ಯತೆ ವಿಚಾರಿಸದೆ ಯಾವ ಕೋರ್ಸಿಗೂ ಹಣ ಕಟ್ಟಬೇಡಿ.
* ಅಂಕ ಕಡಿಮೆ ಬಂದರೆ ಬೈಯಬೇಡಿ. ಮರುಪರೀಕ್ಷೆ ಅದೇ ವರ್ಷ ಇದೆ.

ಧುಪದಾಳದ ತಂದೆಯವರಿಗೆ ಒಂದು ಮಾತು. ನಿಮ್ಮ ಮಗಳು ಆರಿಸಿಕೊಳ್ಳುತ್ತಿರುವುದು ಸುಲಭದ ದಾರಿಯಲ್ಲ, ಉದ್ದದ ದಾರಿ. ಅರ್ಜಿಗೆ ಸಹಿ ಹಾಕುವ ಮೊದಲು ಅವಳನ್ನೂ ಅವಳ ತಾಯಿಯನ್ನೂ ಜೊತೆಗೆ ಕೂಡಿಸಿಕೊಂಡು ಈ ಲೇಖನವನ್ನು ಒಮ್ಮೆ ಓದಿ. ಬಳಿಕ ಕಾಲೇಜಿಗೆ ಹೋಗಿ ಅಲ್ಲಿ ಯಾವ ಯಾವ ಸಂಯೋಜನೆಗಳಿವೆ ಎಂಬ ಪಟ್ಟಿ ತನ್ನಿ. ಆಯ್ಕೆಯ ಗುರು�ತನ್ನು ಮಾತ್ರ ಅವಳ ಕೈಯಿಂದಲೇ ಹಾಕಿಸಿ.